ಡಾಕ್ಟರ ಮುಂದೆ ಚೌಕಾಸಿ

ಮುನ್ನೂರೈವತ್ತು ರೂಪಾಯಿ. ಒಂದು ಕಾಟನ್ ಸ್ಕಾರ್ಫಿಗೆ. ಒಂದು ಪೈಸೆ ಕಮ್ಮಿ ಮಾಡಿಸದೆ ಕೊಟ್ಟುಬಂದೆ.

ಡೊಂಬಿವಲಿಯಲ್ಲಿ ಮನೆಮನೆಗೆ ನೈಟಿ ಮಾರಿ, ಆಮೇಲೆ ಸ್ವಂತ ಅಂಗಡಿ ಹಾಕಿದವಳು ನಾನು. ಉಲ್ಹಾಸನಗರದ ಸಗಟು ಬಟ್ಟೆ ಗಲ್ಲಿಗಳಲ್ಲಿ ಯಾವ ಬಟ್ಟೆಯ ಅಸಲು ಎಷ್ಟು ಅಂತ ಮುಟ್ಟಿಯೇ ಹೇಳಬಲ್ಲೆ. ಅದು ಹೆಚ್ಚೆಂದರೆ ಇನ್ನೂರರ ಮಾಲು. ಮತ್ತೆ ಯಾಕೆ ಕೊಟ್ಟೆ?

ಅಮ್ಮ ಚೌಕಾಸಿ ಮಾಡಲಿಲ್ಲ, ಅದಕ್ಕೆ.

ನನಗೆ ಚೌಕಾಸಿ ಕಲಿಸಿದವಳೇ ಅವಳು. ಕುಂದಾಪುರದ ಕಡೆಯಿಂದ ಮದುವೆಯಾಗಿ ಮುಂಬಯಿ ಕಡೆಗೆ ಬಂದವಳಿಗೆ ಹಿಂದಿ ಬರುವ ಮೊದಲೇ 'ಆಧಾ ಕರೋ', ಅರ್ಧ ಮಾಡು ಅನ್ನುವುದು, ಬಂತು ಅಂತ ಅಪ್ಪ ನಗುತ್ತಿದ್ದರು. ಎರಡು ಕೀಮೋ ಮುಗಿದು, ಕೂದಲು ಉದುರಿ, ತಲೆಗೆ ಕಟ್ಟಲು ಸ್ಕಾರ್ಫ್ ಬೇಕಾಗಿ ಹೋಗಿದ್ದೆವು. ಅಂಗಡಿಯವನು ರೇಟು ಹೇಳಿದ. ಅಮ್ಮನ 'ಆಧಾ ಕರೋ'ಗಾಗಿ ಕಾದೆ.

"ಕೊಟ್ಟುಬಿಡು ಮಾರಾಯ್ತಿ. ಯಾರಿಗೆ ಬೇಕು ಆ ಕಿರಿಕಿರಿ?"

ಬಯಾಪ್ಸಿ ರಿಪೋರ್ಟು ಓದಿದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ವಾಪಸು ಬರುವಾಗ ರಿಕ್ಷಾದಲ್ಲಿ ಹೇಳಿಯೂಬಿಟ್ಟಳು. "ಮೂರನೇದು ಬೇಡ. ನನ್ನಿಂದ ಆಗುದಿಲ್ಲ."

"ಆಯ್ತು. ಅದನ್ನು ಡಾಕ್ಟರಿಗೆ ನೀನೇ ಹೇಳಬೇಕು," ಅಂದೆ. (ಎದ್ದು ಹೊರಟ ಗಿರಾಕಿಯ ಕೈ ಹಿಡಿದು ಎಳೆಯಬಾರದು. ಸೇಠ್ ಹತ್ತಿರ ಒಂದು ಮಾತಾಡಿ ಹೋಗಿ ಅನ್ನಬೇಕು. ವ್ಯಾಪಾರದ ಪಾಠ.)

ನವಿ ಮುಂಬಯಿಯ ಆಸ್ಪತ್ರೆ. ಡಾಕ್ಟರು ಮರಾಠಿ ಹೆಂಗಸು, ನನಗಿಂತ ಚಿಕ್ಕವರು. "ಕಶಾ ಆಹಾತ್ ಆಜಿ?" ಅಂದರು. ಹೇಗಿದ್ದೀರಿ ಅಜ್ಜಿ ಅಂತ. ಅಮ್ಮ ಎಂದಿನಂತೆ "ಠೀಕ್ ಹೈ" ಅಂದಳು. ಅದರ ಬೆನ್ನಿಗೇ ತನ್ನ ತರಕಾರಿ ಮಾರ್ಕೆಟ್ ಹಿಂದಿಯಲ್ಲಿ, "ಆರು ಕೀಮೋ ಅಂದ್ರಲ್ಲ, ಎರಡಾಯ್ತು. ಅಷ್ಟಕ್ಕೇ ಮುಗಿಸಿ," ಅಂದಳು.

ಡಾಕ್ಟರು ನಗಲಿಲ್ಲ. "ಠೀಕ್ ಇದ್ದವರು ಬಿಟ್ಟುಹೋಗುವುದು ಯಾಕೆ?"

ಅಮ್ಮ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಆಮೇಲೆ ಒಂದೊಂದಾಗಿ ಹೊರಬಂತು. ಕೀಮೋ ಆದ ಮೇಲೆ ನಾಲ್ಕು ದಿನ ನೀರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬಾಯಿ ತುಂಬ ಹುಣ್ಣು, ಗಂಜಿ ಕುಡಿದರೂ ಉರಿ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಹೊರಗೆ ಅಷ್ಟು ಜನ ಕಾಯ್ತಾರೆ. ವಾಂತಿಯ ಕತೆ ಹೇಳ್ತಾ ಕೂರುದಾ?"

ನೋಡಿ ನಮ್ಮ ಜಾಣತನ. ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಹೆಚ್ಚಾದರೆ ಬೀದಿಯಲ್ಲಿ ನಿಂತು ವಾದಿಸುತ್ತೇವೆ. ಡಾಕ್ಟರ ಮುಂದೆ ಮಾತ್ರ ಫಿಕ್ಸ್ಡ್ ರೇಟ್ ಗಿರಾಕಿಗಳು. ಕೀಮೋ ಅಂದ ಮೇಲೆ ಇದೆಲ್ಲ ಇದ್ದದ್ದೇ ಅಂತ ನಾವೇ ತೀರ್ಮಾನಿಸಿ, ಹೇಳಿದಷ್ಟೂ ಸಂಕಟ ತೆತ್ತು ಬರುತ್ತೇವೆ.

"ಆರನ್ನು ಕಮ್ಮಿ ಮಾಡಲು ನನಗಾಗದು ಆಜಿ," ಅಂದರು ಡಾಕ್ಟರು. "ವಾಂತಿ ಕಮ್ಮಿ ಮಾಡಲು ನೋಡುತ್ತೇನೆ. ಇದೊಂದು ತಗೊಳ್ಳಿ. ಸರಿಹೋಗದಿದ್ದರೆ ಬಂದು ನನ್ನ ಹತ್ತಿರ ಜಗಳ ಮಾಡಿ." ವಾಂತಿಯ ಮಾತ್ರೆ ಬದಲಾಯಿತು, ಬಾಯಿ ಮುಕ್ಕಳಿಸಲು ಔಷಧಿ ಬಂತು. ನೀರು ನಿಲ್ಲದಿದ್ದರೆ ಅದೇ ದಿನ ಫೋನ್ ಮಾಡಬೇಕು, ಕಾಯಬಾರದು ಅಂತ ನನಗೂ ಒಂದು ಏಟು ಬಿತ್ತು.

ಆರಕ್ಕೆ ಆರೇ ಉಳಿಸಿಕೊಂಡು ಗಿರಾಕಿಯನ್ನು ಗೆದ್ದ ಆ ಡಾಕ್ಟರಮ್ಮನಿಗೆ ನನ್ನ ನಮಸ್ಕಾರ.

ಮೂರನೆಯದಾದ ಮೇಲೆ ವಾಂತಿ ಪೂರ್ತಿ ನಿಲ್ಲಲಿಲ್ಲ. ಆದರೆ ಗಂಜಿ ಹೊಟ್ಟೆಯಲ್ಲಿ ನಿಂತಿತು. ಒಂದು ಬೆಳಿಗ್ಗೆ ಬಟ್ಟಲು ಕೆಳಗಿಟ್ಟು ಅಮ್ಮ ಕೇಳಿದಳು. "ಆ ಸ್ಕಾರ್ಫಿಗೆ ಕಡೆಗೆ ಎಷ್ಟು ಕೊಟ್ಟೆ?"

ಹೇಳಿದೆ.

"ಕೂದಲು ಹೋದದ್ದು ನನ್ನದು. ಬುದ್ಧಿ ಹೋದದ್ದು ನಿನ್ನದಾ?"

ರಕ್ತದ ರಿಪೋರ್ಟು ನೋಡಿ ಡಾಕ್ಟರು ಹೂಂ ಅಂದ ಮೇಲೆ, ಮಾಸ್ಕ್ ಹಾಕಿಸಿ, ಜನರ ಗರ್ದಿ ಶುರುವಾಗುವ ಮೊದಲೇ ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಅಮ್ಮ ಇನ್ನೊಂದು ಸ್ಕಾರ್ಫ್ ಎತ್ತಿಕೊಂಡಳು. ಅಂಗಡಿಯವನು ಮುನ್ನೂರೈವತ್ತು ಅಂದ. ಅಮ್ಮ ನೂರು ಅಂದಳು. ಅವನು ಹಣೆ ಚಚ್ಚಿಕೊಂಡ. ಅಮ್ಮ ಎದ್ದಳು, ಅವನು ಕೂರಿಸಿದ. ನೂರೈವತ್ತಕ್ಕೆ ಮುಗಿಯಿತು. ಅದು ಅವನ ಅಸಲು, ನನಗೆ ಗೊತ್ತು. ಅಮ್ಮ ಮೆಟ್ಟಿಲಿಳಿಯುವಾಗ ಮೆಲ್ಲಗೆ ಇನ್ನೊಂದು ಐವತ್ತು ಚಾಚಿದೆ. ಅವನು ಮುಟ್ಟಲಿಲ್ಲ. "ಮಾಜೀ ಜೀತ್ ಕೇ ಗಯೀ ಹೈ. ಬಿಗಾಡೋ ಮತ್." ಗೆದ್ದು ಹೋಗಿದ್ದಾರೆ, ಕೆಡಿಸಬೇಡಿ ಅಂತ.

ನಾಳೆ ನಾಲ್ಕನೆಯದು. ಡಾಕ್ಟರ ಹತ್ತಿರ ಏನೇನು ಜಗಳ ಮಾಡಬೇಕು ಅಂತ ಅಮ್ಮ ನಿನ್ನೆಯಿಂದಲೇ ನನಗೆ ಒಪ್ಪಿಸುತ್ತಿದ್ದಾಳೆ.

ನಿಮ್ಮ ಮನೆಯಲ್ಲೂ ಯಾರಾದರೂ ಡಾಕ್ಟರ ಮುಂದಿನ ಆ ಕುರ್ಚಿಯಲ್ಲಿ ಕೂತಿದ್ದರೆ ಒಂದು ಮಾತು ನೆನಪಿಡಿ: ಡಾಕ್ಟರು 'ಹೇಗಿದ್ದೀರಿ' ಅಂದರೆ ಅದು ಕುಶಲ ಪ್ರಶ್ನೆಯಲ್ಲ, ಚೌಕಾಸಿಗೆ ಕರೆ, 'ಪರವಾಗಿಲ್ಲ' ಅಂದು ಎದ್ದುಬರಬೇಡಿ.