ಗಿಲಾವಿಲ್ಲದ ಗೋಡೆ, ಗೊರಕೆ ಹೊಡೆದ ಅಜ್ಜಿ

ಗೆಳೆಯರೇ, ಇವತ್ತು ನಾಗನೂರಿನಲ್ಲಿ ನನ್ನ ಇಟ್ಟಂಗಿಯಿಂದ ಒಂದು ಲಗ್ನವೇ ಮುರಿಯುವುದರಲ್ಲಿತ್ತು. ಸುಡದೆ, ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಂಗಿ ನನ್ನ ವ್ಯಾಪಾರ. ಭರಮಪ್ಪ ಕಾಕಾ ಅದರಲ್ಲೇ ಮನೆ ಕಟ್ಟಿಸಿ, ನನ್ನ ಮಾತು ಕೇಳಿ ಗೋಡೆಗೆ ಸಿಮೆಂಟ್ ಮೆತ್ತುವ ಗಿಲಾವ ಮಾಡಿಸಿರಲಿಲ್ಲ. ಮಧ್ಯಾಹ್ನ ಅವರ ಮಗನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದರು.

ಹುಡುಗಿಯ ಅಪ್ಪ ಗೋಡೆ ತಟ್ಟಿ, "ಗಿಲಾವ ಯಾವಾಗ್ರಿ?" ಎಂದರು.

"ಬೇಕಾಗಂಗಿಲ್ರಿ. ಹಿಂಗ ಇದ್ರ ತಂಪ ಇರತೈತಿ," ಎಂದೆ.

"ಮಣ್ಣಿನ ಮನಿಗೆ ಮಗಳನ್ನ ಹೆಂಗ ಕೊಡೂದ್ರಿ?"

ಕಾಕಾ ನನ್ನತ್ತ ನೋಡಿದ ನೋಟಕ್ಕೆ ಇಟ್ಟಂಗಿಯೆಲ್ಲ ಸುಟ್ಟು ಗಟ್ಟಿಯಾಗಬೇಕಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು, ಫ್ಯಾನ್ ನಿಂತಿತು. ಬಂದವರು ಹೊರಡಲು ಎದ್ದರು. ಜೊತೆಗೆ ಬಂದಿದ್ದ ಹುಡುಗಿಯ ಅಜ್ಜಿ ಮಾತ್ರ ತಣ್ಣನೆಯ ಗೋಡೆಗೆ ಬೆನ್ನು ಹಚ್ಚಿ ಗೊರಕೆ ಹೊಡೆಯುತ್ತಿದ್ದಳು.

"ಅವ್ವಾ, ಏಳ, ಹೋಗೂನು," ಎಂದು ಹುಡುಗಿಯ ಅಪ್ಪ ಎಬ್ಬಿಸಿದರು.

"ನೀ ಹೋಗೋ. ನಿನ್ನ ಸ್ಲ್ಯಾಬಿನ ಮನ್ಯಾಗ ಕುದ್ದ ಕುದ್ದ ಸಾಕಾಗೈತಿ. ಮೊಮ್ಮಗಳರೆ ತಂಪಿನ್ಯಾಗ ಇರಲಿ!"

ಸಂಬಂಧ ಅಲ್ಲೇ ಗಟ್ಟಿಯಾಯಿತು. ಹೋಗುವಾಗ ಹುಡುಗಿಯ ಅಪ್ಪ ನನ್ನನ್ನು ಬಾಜೂಕ್ಕೆ ಕರೆದು ಮೆಲ್ಲಗೆ ಹೇಳಿದರು: "ಅವ್ವಗ ಒಂದ್ ಖೋಲಿ ಕಟ್ಟಸ್ತೀನಿ, ಇದ ಇಟ್ಟಂಗಿ ಕಳಸ್ರಿ. ಹೊರಗಷ್ಟ ಗಿಲಾವ ಮಾಡಸ್ತೀನಿ, ಮಂದಿ ನೋಡತಾರ."

ಒಳಗೆ ತಂಪಿಗೆ ಮಣ್ಣು, ಹೊರಗೆ ಮಂದಿಯ ಕಣ್ಣು. ನಾನು ತಕರಾರು ಮಾಡದೆ ಆರ್ಡರ್ ಬರೆದುಕೊಂಡೆ.