ನೀಲಮ್ಮ ಬರೆದ ಲಕೋಟೆಗಳು

—ಇಲ್ಲ, ಕಸದ ಗಾಡಿ ಬಂದಾಗ ಅವಳು ಸ್ನಾನಕ್ಕೆ ಹೋಗಿರಲಿಲ್ಲ, ಕಿಟಕಿಯ ಹತ್ತಿರವೇ ಇದ್ದಳು. ಅಥವಾ ಕಿಟಕಿಯನ್ನು ನನ್ನ ನೆನಪು ಆಮೇಲೆ ಸೇರಿಸಿಕೊಂಡಿರಬಹುದು. ಉಳಿದದ್ದರಲ್ಲಿ ಅನುಮಾನವಿಲ್ಲ. ನನ್ನ ಹೆಂಡತಿ ನೀಲಮ್ಮ ಮಗಳ ಮದುವೆಗೆಂದು ಕೈಯಾರೆ ವಿಳಾಸ ಬರೆದಿದ್ದ ಲಕೋಟೆಗಳನ್ನೆಲ್ಲ ಹರಿದು, ನಾಶಿಕದ ನಮ್ಮ ಓಣಿಗೆ ಕಸ ಒಯ್ಯಲು ಬರುವ ಘಂಟಾಗಾಡಿಗೆ ಸುರಿದವನು ನಾನು. ಅವಳಿಗೆ ಇಂದಿನವರೆಗೂ ಹೇಳಿಲ್ಲ.

ಇಲ್ಲಿಯ ಕನ್ನಡದ ಮನೆಗಳಲ್ಲಿ ಲಗ್ನಪತ್ರಿಕೆ ಅಚ್ಚಾಗಿ ಬಂತೆಂದರೆ ನೀಲಮ್ಮನಿಗೆ ಕರೆ ಬರುತ್ತಿತ್ತು. ಮಕ್ಕಳಿಗೆ ಬರೆಯಲು ಬರುವುದು ಮರಾಠಿ. ಬೀದರ, ಕಲಬುರಗಿಯ ಹಿರಿಯರಿಗೆ ಲಕೋಟೆಯ ಮೇಲೆ ತಮ್ಮ ಹೆಸರು ಕನ್ನಡದಲ್ಲೇ ಬೇಕು. ಹಾಗೆ ವಿಳಾಸ ಬರೆದುಕೊಡುತ್ತಿದ್ದ ಅವಳ ಬಲಗೈಯೇ ಮೊದಲು ನಡುಗಿತು. ಡಾಕ್ಟರು ಅವಳಿಂದ ಒಂದು ಸಾಲು ಬರೆಸಿ ನೋಡಿದರು. ಸಾಲು ಮುಂದೆ ಹೋದಂತೆ ಅಕ್ಷರ ಕುಗ್ಗುತ್ತ ಹೋಯಿತು. ಪಾರ್ಕಿನ್ಸನ್ ಎಂದರು. ಗೆರೆ ಹಾಕಿದ ಹಾಳೆಯ ಮೇಲೆ ದಿನವೂ ದೊಡ್ಡದಾಗಿ ಬರೆಯಬೇಕು, ಬಿಡಬಾರದು ಎಂದರು.

ಅವಳಿಗೆ ಹಾಳೆ ಬೇಸರ. ಅಷ್ಟರಲ್ಲಿ ಮದುವೆ ಕೂಡಿಬಂತು.

"ಅಶ್ವಿನಿ ಲಗ್ನದ ಕವರ್ ನಾನೇ ಬರೀತೀನ್ರಿ. ಊರ ಮಂದೀದೆಲ್ಲ ಬರ್ದೀನಿ, ನನ್ನ ಮಗಳದು ಬಿಡ್ತೀನೇನು?"

ಮಧ್ಯಾಹ್ನಗಳೆಲ್ಲ ಬರೆದಳು. 'ಶ್ರೀ' ದೊಡ್ಡದಾಗಿ ಬರುತ್ತಿತ್ತು. ಊರ ಹೆಸರಿಗೆ ಬರುವಷ್ಟರಲ್ಲಿ ಅಕ್ಷರ ಸಾಸಿವೆಕಾಳು. ನಡುವೆ ಕೈ ಹೂತುಹೋದಂತೆ ನಿಂತುಬಿಡುತ್ತಿತ್ತು. ದಾರಿಯಲ್ಲಿ ಮಲಗಿದ ದನಕ್ಕೆ ಹೇಳುವಂತೆ ಅದಕ್ಕೆ ಹೇಳುತ್ತಿದ್ದಳು: "ಏಳ್ ಎಮ್ಮೀ, ಏಳ್." ಬಾಯಂಚಿನಿಂದ ಜೊಲ್ಲು ಬಿದ್ದು ಮಸಿ ಹರಡುತ್ತಿತ್ತು. ನನಗೆ ಹೇಸಿಗೆಯಾಗುತ್ತಿತ್ತು. ಕನಿಕರ ಎಂದು ಬರೆಯಬಹುದಿತ್ತು — ಇಲ್ಲ, ಹೇಸಿಗೆ. ಸುಮ್ಮನೆ ಕೂತಾಗಲೂ ಅವಳ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುವುದನ್ನು ನೋಡಲಾರದೆ ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಿದ್ದೆ.

ಬೀಗರು ಸಂಭಾಜಿನಗರದವರು, ಅಳಿಯ ಅಲ್ಲೇ ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯಲ್ಲಿ ಇಂಜಿನಿಯರ್. ಅವರು ಈ ಬರಹ ನೋಡಿದರೆ ಏನೆಂದಾರು ಎಂಬ ಅಂಜಿಕೆಯಿತ್ತು, ಅದಕ್ಕೇ ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಬೀಗರಿಗೆ ಹೋಗುವ ಲಕೋಟೆ ಅವುಗಳಲ್ಲಿ ಒಂದೂ ಇರಲಿಲ್ಲ.

ನಾನು ಓಝರ್ ಕಡೆಯ ಒಂದು ವರ್ಕ್‌ಶಾಪಿನಲ್ಲಿ ವಿಮಾನದ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದೆ. ಅಳತೆ ತಪ್ಪಿದ್ದನ್ನು ಹಾಗೇ ಎಸೆಯುವಂತಿಲ್ಲ. ಮತ್ತೆ ಒಳ್ಳೆಯದರಲ್ಲಿ ಬೆರೆಯದಂತೆ ಕತ್ತರಿಸಿ ಕೆಡಿಸಿಯೇ ಗುಜರಿಗೆ ಹಾಕಬೇಕು. ಲಕೋಟೆಗಳಿಗೂ ಹಾಗೇ ಮಾಡಿದೆ. ಒಂದೊಂದನ್ನೇ ನಡುವೆ ಹರಿದೆ. ಮೂಲೆಗಳಿಗೆ ಅವಳು ಹಚ್ಚಿದ್ದ ಅರಿಶಿನ ಬೆರಳಿಗೆ ಅಂಟಿತು. ಸೋಪು ಹಾಕಿ ತೊಳೆದುಕೊಂಡೆ. ಬೇರೆ ಲಕೋಟೆಗಳಿಗೆ ಕಂಪ್ಯೂಟರಿನಲ್ಲಿ ತೆಗೆದ ವಿಳಾಸದ ಚೀಟಿ ಅಂಟಿಸಿ ಕಳಿಸಿದೆ. ನಿನ್ನವನ್ನೇ ಪೋಸ್ಟಿಗೆ ಹಾಕಿದೆ ಎಂದು ಅವಳಿಗೆ ಹೇಳಿದೆ.

ಮದುವೆ ಸಂಭಾಜಿನಗರದಲ್ಲಿ. ಊಟದ ಹೊತ್ತಿಗೆ ನೀಲಮ್ಮ, ಬೀದರದಿಂದ ಬಂದಿದ್ದ ನನ್ನ ತಂಗಿ ಮಹಾದೇವಿಯನ್ನು ಕೇಳಿದಳು: "ಕವರ್ ಮ್ಯಾಲಿಂದು ಓದ್ಲಾಕ ಬಂತೇನವ್ವಾ? ಇರುವಿ ಹರದಾಡ್ದಂಗ ಬರ್ದಿದ್ದೆ."

"ಎಲ್ಲೀ ಇರುವಿ, ವೈನಿ! ಮಷಿನ್ ಅಕ್ಷರದ ಚೀಟಿ ಇತ್ತಲ್ಲ. ಕರೆಂಟ್ ಬಿಲ್ ಅಂತ ತಿಳದು ನಮ್ಮನಿಯವ್ರು ಒಡದೇ ನೋಡಿರ್ಲಿಲ್ಲ!"

ಮಹಾದೇವಿ ನಕ್ಕಳು. ನೀಲಮ್ಮನೂ ನಕ್ಕಳು. ನನ್ನ ಕಡೆ ನೋಡಿದಳೋ ಇಲ್ಲವೋ — ನಾನು ಎಲೆಯತ್ತ ಬಗ್ಗಿದ್ದೆ. ಅವಳು ಎಡಗೈಯಿಂದ ಬಲಗೈ ಹಿಡಿದು ಸೆರಗಿನೊಳಗೆ ಇಟ್ಟುಕೊಂಡದ್ದು ಮಾತ್ರ ಕಂಡಿತು.

ಆಮೇಲೆ ಅವಳು ಪೆನ್ನು ಮುಟ್ಟಲಿಲ್ಲ. "ಯಾಕ ಬರೀವಲ್ಲಿ? ಡಾಕ್ಟರು ಹೇಳಿಲ್ಲೇನು?" ಎಂದು ಒಮ್ಮೆ ಗದರಿಸಿದೆ — ನಾನು, ಅವಳನ್ನು!

"ಯಾರಿಗಿ ಬರೀಲಿ, ರೀ?" ಎಂದಳು.

ಈಗ ಅವಳಿಗೆ ಚಮಚವೂ ಹಿಡಿಯಲಾಗದು. ದನಿ ಎಷ್ಟು ತಗ್ಗಿದೆಯೆಂದರೆ ಬಾಯಿಯ ಹತ್ತಿರ ಕಿವಿ ಒಯ್ಯಬೇಕು. ಉಣಿಸುವವನು ನಾನು, ಬಾಯಿ ಒರೆಸುವವನು ನಾನು. ನೋಡಿದವರು ಎಂಥ ಗಂಡ ಎನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನನ್ನ ಮೈ ಕಂಡರೆ ನನಗೇ ಹೇಸಿಗೆಯಾಗುತ್ತದೆ.

ಈ ರೋಗದಲ್ಲಿ ಕೈ ಹೇಗೂ ಸೋಲುತ್ತಿತ್ತು ಎಂದು ಡಾಕ್ಟರು ಹೇಳಬಹುದು. ಕೇಳುವ ಧೈರ್ಯ ಮಾಡಿಲ್ಲ. ಬರೆಯುತ್ತಲೇ ಇದ್ದಿದ್ದರೆ ಆ ಬೆರಳುಗಳು ಇನ್ನೆಷ್ಟು ಕಾಲ ಅವಳ ಮಾತು ಕೇಳುತ್ತಿದ್ದವು — ನನಗೆ ಗೊತ್ತಿಲ್ಲ.