ಇಬ್ಬರು ಎತ್ತಬೇಕಾಗಿದ್ದ ಕಂಬ

ಕೊಯಮತ್ತೂರಿನ ಗಣಪತಿ ಬಡಾವಣೆಯ ಒಂದು ವರ್ಕ್‌ಶಾಪಿನಲ್ಲಿ ನಾನು ಒಂಬತ್ತು ವರ್ಷ ಯಂತ್ರಗಳ ನಕ್ಷೆ ಬರೆದೆ. ಅಕ್ಕಪಕ್ಕದ ಶೆಡ್ಡುಗಳಲ್ಲಿ ಪಂಪು, ಮೋಟಾರು ತಯಾರಾಗುತ್ತಿದ್ದವು. ನಮ್ಮಲ್ಲಿ ಮಾತ್ರ ರೋಲಿಂಗ್ ಮಿಲ್ಲುಗಳಿಗೆ ಬೇಕಾದ ಯಂತ್ರಗಳು. ಕೆಂಪಗೆ ಕಾದ ಕಬ್ಬಿಣದ ದಿಮ್ಮಿಯನ್ನು ಎತ್ತುವುದು, ತಳ್ಳುವುದು, ಮಗ್ಗುಲು ಬದಲಿಸುವುದು ಅವುಗಳ ಕೆಲಸ. ಮೊದಲ ಆರು ವರ್ಷ ಬೇರೆಯವರ ನಕ್ಷೆಗಳನ್ನು ತಿದ್ದುವುದರಲ್ಲೇ ಕಳೆಯಿತು. ಏಳನೆಯ ವರ್ಷ, ಕರುಮತ್ತಂಪಟ್ಟಿಯ ಹತ್ತಿರದ ಒಂದು ಮಿಲ್ಲಿಗೆ ದಿಮ್ಮಿ ಎತ್ತಿ ತಿರುಗಿಸುವ ಮೇಜೊಂದು ಬೇಕೆಂದು ಕೇಳಿ ಬಂದರು. ಮಾಲೀಕರು ಅದನ್ನು ಪೂರ್ತಿಯಾಗಿ ನನಗೆ ಒಪ್ಪಿಸಿದರು.

ಆ ಮಿಲ್ಲಿನಲ್ಲಿ ಒಂದರ ಮೇಲೊಂದು ಮೂರು ರೋಲು. ಕುಲುಮೆಯಿಂದ ಬಂದ ದಿಮ್ಮಿ ಕೆಳಗಿನ ಸಂದಿಯಲ್ಲಿ ನುಗ್ಗಿ ಆಚೆ ಹೋಗುತ್ತದೆ. ಆಚೆ ಇರುವವರು ಅದನ್ನು ಮೇಲಕ್ಕೆತ್ತಿ, ಕಾಲುಸುತ್ತು ತಿರುಗಿಸಿ, ಮೇಲಿನ ಸಂದಿಯಲ್ಲಿ ಈಚೆಗೆ ಕಳಿಸಬೇಕು. ತಿರುಗಿಸದಿದ್ದರೆ ಅದು ಕಬ್ಬಿಣದ ಸರಳಾಗುವುದಿಲ್ಲ, ಚಪ್ಪಟೆಯಾಗಿ ಹಾಳಾಗುತ್ತದೆ. ಈ ಕೆಲಸವನ್ನು ಆರು ಜನ ಉದ್ದನೆಯ ಇಕ್ಕಳ ಹಿಡಿದು ಕೈಯಲ್ಲೇ ಮಾಡುತ್ತಿದ್ದರು. ಮೊಣಕಾಲಿನವರೆಗೆ ಒದ್ದೆ ಗೋಣಿ ಸುತ್ತಿಕೊಂಡಿದ್ದರು. ಅದು ಹತ್ತು ನಿಮಿಷಕ್ಕೆ ಒಣಗುತ್ತಿತ್ತು, ಮತ್ತೆ ನೀರಿನ ತೊಟ್ಟಿಯಲ್ಲಿ ಕಾಲದ್ದಿ ಬರುತ್ತಿದ್ದರು.

ಮೊದಲ ದಿನ ನಾನು ಗೋಡೆಯ ಮರೆಗೆ ಹೋಗಿ, ಊಟಕ್ಕೆ ಬರುವುದಿಲ್ಲವೆಂದು ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ನಮ್ಮ ಮನೆಯ ಮಾತು ಕನ್ನಡ. ಕೇಳಿಸಿಕೊಂಡ ಒಬ್ಬರು ಹತ್ತಿರ ಬಂದು, ನೀವೂ ನಮ್ಮ ಮಾತಿನವರಾ ಅಮ್ಮಣಿ ಎಂದು ಕನ್ನಡದಲ್ಲಿ ಕೇಳಿದರು. ಇಕ್ಕಳದವರ ಮೇಸ್ತ್ರಿ ಅವರೇ. ಐವತ್ತು ದಾಟಿದ್ದರು. ಹುಬ್ಬಿನ ಕೂದಲು ಸುಟ್ಟು ಸುಟ್ಟು ಕಡೆಗೆ ಬೆಳೆಯುವುದನ್ನೇ ಬಿಟ್ಟಿತ್ತು. ಅವರದು ಕಾಂಗೇಯಂ ಕಡೆಯ ಬೇಸಾಯದ ಮನೆತನ, ಎಷ್ಟೋ ತಲೆಮಾರಿನಿಂದ ಅಲ್ಲೇ ಇದ್ದವರು. ಅವರಿಗೆ ಓದು ಬಾರದು. ಅಂದಿನಿಂದ ನಾನು ಅವರನ್ನು ಅಣ್ಣ ಎಂದೇ ಕರೆದೆ.

ಎರಡು ವಾರ ನಾನು ಒಂದು ಡ್ರಮ್ಮನ್ನು ಬೋರಲು ಹಾಕಿ, ಅದರ ಮೇಲೆ ಕೂತು ಅವರ ಕೆಲಸ ನೋಡಿದೆ. ದಿಮ್ಮಿ ರೋಲಿನಿಂದ ಹೊರಬರುವ ಮೊದಲೇ ಅವರ ಇಕ್ಕಳ ಸರಿಯಾದ ಜಾಗದಲ್ಲಿರುತ್ತಿತ್ತು. ನನ್ನ ಮೊದಲ ನಕ್ಷೆಯಲ್ಲಿ ಎರಡು ದವಡೆಗಳು ದಿಮ್ಮಿಯನ್ನು ಕಚ್ಚಿ ಹಿಡಿದು ತಿರುಗಿಸುತ್ತಿದ್ದವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅವರಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ ತಲೆಯಲ್ಲಾಡಿಸಿದರು.

"ಕಾದ ಕಬ್ಬಿಣಕ್ಕೆ ಎಲುಬಿಲ್ಲ ಅಮ್ಮಣಿ. ಹಿಡಿದು ತಿರುಗಿಸಿದ್ರೆ ಮುರುಚಿಕೊಳ್ತದೆ. ಬೀಳಕೆ ದಾರಿ ಮಾಡಿಕೊಡಿ. ಬೀಳ್ತಾ ಬೀಳ್ತಾ ಅದೇ ತಿರುಗ್ತದೆ."

ದವಡೆಗಳನ್ನು ತೆಗೆದುಹಾಕಿದೆ. ಅವುಗಳ ಬದಲು ಓರೆಯಾಗಿ ತಿರುಚಿದ ಒಂದು ಜಾರುದೋಣಿ ಮಾಡಿದೆ. ದಿಮ್ಮಿ ಅದರಲ್ಲಿ ಜಾರಿ, ಮಗ್ಗುಲಾಗಿ ಮೇಜಿನ ಮೇಲೆ ಬೀಳುತ್ತಿತ್ತು. ಗಾಳಿಯ ಒತ್ತಡದಿಂದ ಮೇಜು ಒಂದು ಕಡೆ ಮೇಲೇಳುತ್ತಿತ್ತು. ಯಂತ್ರ ಕೂರಿಸಿದ ದಿನ ಮೊದಲ ದಿಮ್ಮಿಯೇ ಸರಿಯಾಗಿ ಹೋಯಿತು. ಮಿಲ್ಲಿನ ಮ್ಯಾನೇಜರು ನನ್ನ ಕೈ ಕುಲುಕಿದರು. ಕುಲುಕಬೇಕಾಗಿದ್ದದ್ದು ಯಾರ ಕೈಯೆಂದು ನನಗೆ ಗೊತ್ತಿತ್ತು. ಆದರೂ ನಾನು ಹೇಳಲಿಲ್ಲ.

ಯಂತ್ರಕ್ಕೆ ಒಬ್ಬ ಆಳು ಸಾಕು. ಅದು ನಮ್ಮ ಯಂತ್ರದ ಹೆಗ್ಗಳಿಕೆ, ನಾನೇ ಕಾಗದದಲ್ಲಿ ಹಾಗೆ ಬರೆದುಕೊಟ್ಟಿದ್ದೆ. ಆ ವಾರದಲ್ಲೇ ಇಕ್ಕಳದ ಐದು ಜನರನ್ನು ಮನೆಗೆ ಕಳಿಸಿದರು. ಅಣ್ಣ ಒಬ್ಬರೇ ಉಳಿದರು, ಯಂತ್ರ ನಡೆಸುವ ಹಿಡಿಗಳ ಮುಂದೆ ಒಂದು ಕಬ್ಬಿಣದ ಕುರ್ಚಿಯಲ್ಲಿ. ಕೆಲಸ ಕಳೆದುಕೊಂಡವರು ಟೀ ಅಂಗಡಿಯಲ್ಲಿ ಸಿಕ್ಕರೂ ತಮ್ಮನ್ನು ಮಾತಾಡಿಸುವುದಿಲ್ಲ ಎಂದು ಒಮ್ಮೆ ಹೇಳಿದರು, ಬೇರೆ ಯಾರದೋ ವಿಷಯ ಹೇಳುವ ಹಾಗೆ.

ಈಗ ಆ ಕಂಬದ ವಿಷಯಕ್ಕೆ ಬರಬೇಕು. ಮೇಜನ್ನು ಮೇಲೆತ್ತಿ ಅದರ ಕೆಳಗೆ ಕೆಲಸ ಮಾಡುವಾಗ ಅದನ್ನು ಬರೀ ಗಾಳಿಯ ಮೇಲೆ ನಂಬಿ ಬಿಡುವ ಹಾಗಿಲ್ಲ. ಕೊಳವೆ ಸೋರಿದರೆ ಮೇಜು ಕುಸಿಯುತ್ತದೆ. ಅದಕ್ಕೆಂದು ನಕ್ಷೆಯಲ್ಲಿ ಒಂದು ಆಧಾರದ ಕಂಬ ತೋರಿಸಿದ್ದೆ. ಮೇಜಿನಡಿಗೆ ಅದನ್ನು ನಿಲ್ಲಿಸಿ, ಆಮೇಲೆ ಕೆಳಗೆ ಹೋಗಬೇಕು. ಗಟ್ಟಿಯಾಗಿರಲಿ ಎಂದು ದಪ್ಪ ಉಕ್ಕಿನಲ್ಲಿ ಬರೆದಿದ್ದೆ. ಸುಮಾರು ನಲವತ್ತು ಕಿಲೋ ತೂಕ. ಬಗ್ಗಿಕೊಂಡು, ಆ ಕಾವಿನಲ್ಲಿ, ಇಕ್ಕಟ್ಟಿನಲ್ಲಿ ಅದನ್ನು ನಿಲ್ಲಿಸಲು ಇಬ್ಬರು ಬೇಕಾಗಿತ್ತು.

ಯಂತ್ರ ಕೂರಿಸಿದ ಮೂರನೆಯ ದಿನವೇ ಅಣ್ಣ ಅದನ್ನು ಹೇಳಿದರು. "ಈ ಕಂಬ ಒಬ್ಬ ಆಳು ಎತ್ತಕೆ ಆಗದು ಅಮ್ಮಣಿ. ದಿನಾ ಯಾರ ಕೂಗ್ಲಿ ನಾನು?"

ಮಾರನೆಯ ದಿನ ಯಂತ್ರದ ಪೂಜೆ. ಮಾಲೀಕರು ಬರುವವರಿದ್ದರು. ನಾನು ಬಣ್ಣ ಹಚ್ಚುವವರ ಹಿಂದೆ ಓಡಾಡುತ್ತಿದ್ದೆ. ಮುಂದಿನ ಯಂತ್ರಕ್ಕೆ ಕೀಲು ಹಾಕಿ, ಮಡಿಚುವ ಹಾಗೆ ಮಾಡುತ್ತೇನಣ್ಣ, ಈಗಿನದಕ್ಕೆ ಯಾರನ್ನಾದರೂ ಕರೆದುಕೊಳ್ಳಿ ಎಂದೆ. ಪರವಾಯಿಲ್ಲ ಅಮ್ಮಣಿ ಎಂದು ಅವರು ಹೊರಟುಹೋದರು. ಮರುದಿನ ಯಂತ್ರದ ಜೊತೆಗೆ ಆ ಕಂಬಕ್ಕೂ ಅರಿಸಿನ ಕುಂಕುಮ ಹಚ್ಚಿದರು.

ಏಳು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಿಲ್ಲಿನಿಂದ ಫೋನು ಬಂತು. ದಿಮ್ಮಿಯೊಂದರ ತುದಿ ಸೀಳಿ, ದೋಣಿಯಲ್ಲಿ ಸಿಕ್ಕಿಕೊಂಡಿದೆ. ಅಣ್ಣ ಮಿಲ್ಲು ನಿಲ್ಲಿಸಿ, ಮೇಜನ್ನು ಮೇಲೆತ್ತಿ, ಕೊಕ್ಕೆ ಹಿಡಿದು ಕೆಳಗೆ ಹೋಗಿದ್ದಾರೆ. ಕಂಬ ನಿಲ್ಲಿಸಿರಲಿಲ್ಲ. ಗಾಳಿಯ ಕೊಳವೆ ಒಡೆಯಿತು. ಮೇಜು ಅವರ ಬಲಗೈ ಮೇಲೆ ಬಿತ್ತು.

ನಾನು ಮಾಲೀಕರ ಕಾರಿನಲ್ಲಿ ಹೋದೆ. ನಾವು ತಲುಪುವಷ್ಟರಲ್ಲಿ ಅವರನ್ನು ಕೊಯಮತ್ತೂರಿನ ಆಸ್ಪತ್ರೆಗೆ ಕೊಂಡೊಯ್ದಿದ್ದರು. ಸಿಕ್ಕಿಕೊಂಡಿದ್ದ ದಿಮ್ಮಿ ಆರಿ ಕಪ್ಪಾಗಿತ್ತು. ನೆಲಕ್ಕೆ ಯಾರೋ ಮರಳು ಸುರಿದಿದ್ದರು. ಕಂಬ ಗೋಡೆಗೆ ಒರಗಿಕೊಂಡು ನಿಂತಿತ್ತು, ಕುಂಕುಮ ಇನ್ನೂ ಪೂರ್ತಿ ಹೋಗಿರಲಿಲ್ಲ. ನಾನು ಅದನ್ನು ಎತ್ತಲು ನೋಡಿದೆ. ನೆಲದಿಂದ ಒಂದು ಗೇಣು ಎದ್ದಿತು ಅಷ್ಟೆ.

ವಾಪಸು ಬರುವಾಗ ಮಾಲೀಕರು ನಿಧಾನವಾಗಿ ಮಾತಾಡಿದರು. ನಕ್ಷೆಯಲ್ಲಿ ಕಂಬ ಇದೆ, ನಾವು ಮಾಡಿಯೂ ಕೊಟ್ಟಿದ್ದೇವೆ, ನೀನು ಅಷ್ಟು ಹೇಳಿದರೆ ಸಾಕಮ್ಮ ಎಂದರು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ.

ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಕೈ ಕತ್ತರಿಸಿದರು. ಎರಡು ಸಲ ಆಸ್ಪತ್ರೆಗೆ ಹೋದೆ. ಮೊದಲ ಸಲ ಅವರಿಗೆ ಎಚ್ಚರವಿರಲಿಲ್ಲ. ಎರಡನೆಯ ಸಲ ಕಣ್ಣು ತೆರೆದು ನನ್ನನ್ನು ನೋಡಿ, ಊಟ ಆಯಿತಾ ಎಂದು ಕೇಳಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆ.

ತಿಂಗಳ ಮೇಲೆ ಕಾರ್ಖಾನೆಗಳ ಇನ್‌ಸ್ಪೆಕ್ಟರು ನಮ್ಮ ವರ್ಕ್‌ಶಾಪಿಗೆ ಬಂದರು. ನಕ್ಷೆಗಳನ್ನು ತೆಗೆದುಕೊಂಡರು. ಒಂದು ವಾರದೊಳಗೆ ನನ್ನ ಹೇಳಿಕೆ ಬರೆದುಕೊಡಬೇಕೆಂದರು. ಯಂತ್ರದ ಭಾಗಗಳ ಹೆಸರು ಸರಿಯಾಗಿದೆಯೇ ನೋಡಿ ಎಂದು ಅಣ್ಣನ ಹೇಳಿಕೆಯನ್ನೂ ನನ್ನ ಮುಂದಿಟ್ಟರು. ಆಫೀಸಿನ ತಮಿಳಿನಲ್ಲಿ ನೀಟಾಗಿ ಟೈಪು ಮಾಡಿದ್ದರು. ಆಧಾರದ ಕಂಬ ಇಡದೆ ಯಂತ್ರದ ಕೆಳಗೆ ಹೋದದ್ದು ನನ್ನ ಅಜಾಗರೂಕತೆ, ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ ಎಂದು ಅದರಲ್ಲಿತ್ತು. ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು. ಬಲಗೈಯದು ಇರುವ ಹಾಗಿರಲಿಲ್ಲ.

ಆ ಭಾನುವಾರ ಅವರ ಮನೆ ಹುಡುಕಿಕೊಂಡು ಹೋದೆ. ಪವರ್‌ಲೂಮ್ ಶೆಡ್ಡಿನ ಹಿಂದೆ ಸಾಲುಮನೆಗಳಲ್ಲಿ ಒಂದು. ಮಗ್ಗದ ಸದ್ದಿಗೆ ಗೋಡೆ ನಡುಗುತ್ತಿತ್ತು, ಏನು ಹೇಳಬೇಕಾದರೂ ಗಟ್ಟಿಯಾಗಿ ಹೇಳಬೇಕು. ಅವರ ಹೆಂಡತಿ ಅದೇ ಶೆಡ್ಡಿನಲ್ಲಿ ನೂಲು ಸುತ್ತುವವರು. ನನಗೆ ಸ್ಟೂಲು ಹಾಕಿ ಗೋಡೆಗೆ ಒರಗಿ ನಿಂತರು. ಅಣ್ಣ ಚಾಪೆಯ ಮೇಲೆ ಕೂತಿದ್ದರು, ಕಟ್ಟು ಹಾಕಿದ ಕೈ ತೊಡೆಯ ಮೇಲೆ.

ಆ ಕಾಗದದಲ್ಲಿ ಏನು ಬರೆದಿದೆ ಗೊತ್ತಾ ಅಣ್ಣ ಎಂದು ಕೇಳಿದೆ. ಗೊತ್ತು, ಮಿಲ್ಲಿನವರು ಓದಿ ಹೇಳಿಯೇ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂದರು. ಗಾಯ ಮಾಗಿದ ಮೇಲೆ ಗೇಟಿನಲ್ಲಿ ಕೂರುವ ಕೆಲಸ ಕೊಡುವುದಾಗಿ ಹೇಳಿದ್ದಾರಂತೆ. ಕಂಬ ಒಬ್ಬರು ಎತ್ತುವಂಥದ್ದಲ್ಲ, ನೀವು ಅದನ್ನು ಮೊದಲೇ ನನಗೆ ಹೇಳಿದ್ದಿರಿ ಎಂದು ನಾನು ಬರೆದರೆ, ನಿಮ್ಮ ಕಾಗದ ಸುಳ್ಳಾಗುತ್ತದೆ, ಆ ಕೆಲಸ ಸಿಗಲಿಕ್ಕಿಲ್ಲ ಎಂದೆ.

ಅವರು ಕಟ್ಟಿನ ಕೈಯನ್ನು ತೊಡೆಯ ಮೇಲೆ ಸರಿಸಿಟ್ಟುಕೊಂಡರು. ಆಮೇಲೆ ಕೇಳಿದರು:

"ಭಾರ ಅಂತ ನಾ ನಿಮ್ಗೆ ಹೇಳಿದ್ನಾ ಇಲ್ವಾ?"

"ಹೇಳಿದ್ರಿ ಅಣ್ಣ."

"ಹಂಗಾದ್ರೆ ಅದ ಬರೀರಿ. ನಾಳೆ ಇನ್ನೊಬ್ಬ ಅದರಡಿಗೆ ಹೋಗ್ತಾನೆ."

ಅವರ ಹೆಂಡತಿ ನನ್ನ ಜೊತೆ ಬೀದಿಯ ತಿರುವಿನವರೆಗೆ ಬಂದರು. ಅಲ್ಲಿ ನಿಂತು, ಮಗ್ಗದ ಸದ್ದಿನಿಂದ ದೂರವಾಗಿದ್ದರೂ, ಗಟ್ಟಿಯಾಗಿಯೇ ಹೇಳಿದರು: "ಇನ್ನ ನೀವು ಬರಬೇಡಿ ಅಮ್ಮಣಿ. ನಿಮ್ಗೆ ನ್ಯಾಯ ಬೇಕು. ನಂಗೆ ಆ ಗೇಟಿನ ವೇಲೆ ಬೇಕು."

ಮೂರು ದಿನ ಕಾಗದದ ಮುಂದೆ ಕೂತು ಎದ್ದೆ. ಅವರ ಕೆಲಸ ಉಳಿಯಲಿ ಎಂಬ ನೆಪದಲ್ಲಿ ನನ್ನನ್ನೇ ಉಳಿಸಿಕೊಳ್ಳುತ್ತಿದ್ದೇನೆಯೇ, ಅಥವಾ ನಿಜ ಬರೆಯುತ್ತೇನೆಂದು ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಅವರ ಅನ್ನ ಕಿತ್ತುಕೊಳ್ಳುತ್ತಿದ್ದೇನೆಯೇ, ನನಗೆ ಗೊತ್ತಾಗಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ. ಅಮ್ಮ ಎರಡು ಸಲ ಏನಾಯಿತೆಂದು ಕೇಳಿದರು. ಹೇಳಿದೆ. ಅವರು, ಆ ಮನುಷ್ಯನೇ ಬರೆ ಅಂದಮೇಲೆ ನೀನು ಅವರಿಗಿಂತ ಹೆಚ್ಚು ಯೋಚನೆ ಮಾಡುವುದೇನಿದೆ ಎಂದರು. ನಾಲ್ಕನೆಯ ದಿನ ಒಂದೂವರೆ ಪುಟ ಬರೆದೆ. ಕಂಬದ ತೂಕ, ಅದನ್ನು ನಿಲ್ಲಿಸಲು ಬೇಕಾದ ಆಳುಗಳು, ಯಂತ್ರಕ್ಕೆ ಒಬ್ಬನೇ ಸಾಕೆಂದು ನಾನೇ ಬರೆದುಕೊಟ್ಟದ್ದು, ಅವರು ಹೇಳಿದ್ದು, ನಾನು ಮುಂದಿನ ಯಂತ್ರಕ್ಕೆ ಎಂದದ್ದು, ಎಲ್ಲ. ಮಾಲೀಕರಿಗೆ ತೋರಿಸಿಯೇ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಸರಿ ಎಂದರು.

ಇನ್‌ಸ್ಪೆಕ್ಟರು ಯಂತ್ರಕ್ಕೆ ಬೀಗಮುದ್ರೆ ಹಾಕಿಸಿದರು. ಕಂಬವನ್ನು ಮೇಜಿಗೇ ಕೀಲು ಹಾಕಿ ಕೂರಿಸಬೇಕು, ಯಂತ್ರದ ಹತ್ತಿರ ಯಾವಾಗಲೂ ಇಬ್ಬರಿರಬೇಕು ಎಂದು ಆದೇಶ ಬಂತು. ಆ ಕೀಲಿನ ಕಂಬವನ್ನು ನಾನೇ ಬರೆದೆ. ಒಂದು ಕೈಯಲ್ಲಿ ಎಳೆದರೆ ಬಂದು ನಿಲ್ಲುತ್ತದೆ. ಅದನ್ನು ಬರೆಯಲು ಅರ್ಧ ದಿನ ಸಾಕಾಯಿತು. ಅಣ್ಣ ಹೇಳಿದಾಗಲೂ ಅರ್ಧ ದಿನವೇ ಸಾಕಾಗುತ್ತಿತ್ತು. ಮಿಲ್ಲಿಗೆ ಹೋಗಿ ಅದನ್ನು ಕೂರಿಸುವಾಗ ಹೊಸ ಆಪರೇಟರು ನಾಲ್ಕು ಸಲ ಎಳೆದು ಬಿಟ್ಟು ನೋಡಿ, ಚೆನ್ನಾಗಿದೆ ಎಂದರು. ನಾನು ಸ್ಪ್ಯಾನರು ಕೆಳಗಿಟ್ಟು ಹೊರಗೆ ಬಂದುಬಿಟ್ಟೆ.

ಗೇಟಿನ ಕೆಲಸ ಅಣ್ಣನಿಗೆ ಸಿಗಲಿಲ್ಲ. ಮಿಲ್ಲಿನವರು ಇಲ್ಲವೆಂದೂ ಹೇಳಲಿಲ್ಲ, ಕರೆಯಲೂ ಇಲ್ಲ. ಕೆಲವು ತಿಂಗಳು ಕಾದು, ಅವರು ಮನೆ ಖಾಲಿ ಮಾಡಿ ಕಾಂಗೇಯಂಗೆ ಹೋದರು ಎಂದು ತಿಳಿಯಿತು. ನಮ್ಮ ಮಾಲೀಕರು ನನ್ನನ್ನು ಒಂದು ದಿನವೂ ಗದರಲಿಲ್ಲ. ಹೊಸ ನಕ್ಷೆಗಳು ಮಾತ್ರ ನನ್ನ ಮೇಜಿಗೆ ಬರುವುದು ನಿಂತಿತು. ಹಳೆಯ ಕಾಗದಗಳನ್ನು ವಿಂಗಡಿಸುತ್ತ ಉಳಿದ ದಿನ ಕಳೆದೆ. ಒಂಬತ್ತು ವರ್ಷ ತುಂಬಿದ ಮೇಲೆ ಕೆಲಸ ಬಿಟ್ಟೆ. ಈಗ ಊರಿನ ಇನ್ನೊಂದು ಆಫೀಸಿನಲ್ಲಿ ಬೇರೆಯವರು ಬರೆದ ನಕ್ಷೆಗಳನ್ನು ಪರೀಕ್ಷಿಸುತ್ತೇನೆ. ಪ್ರತಿ ಭಾಗದ ಪಕ್ಕದಲ್ಲೂ ತೂಕ ಎಷ್ಟು, ಎತ್ತುವವರು ಯಾರು ಎಂದು ಬರೆದು ವಾಪಸು ಕಳಿಸುತ್ತೇನೆ. ಚಿಕ್ಕವರಿಗೆ ನನ್ನನ್ನು ಕಂಡರೆ ಬೇಸರ.

ಬರಬೇಡಿ ಎಂದಿದ್ದರೂ, ಕಳೆದ ವರ್ಷ ಬೇಸಿಗೆಯಲ್ಲಿ ಕಾಂಗೇಯಂಗೆ ಹೋದೆ. ಅವರ ಭಾವಮೈದುನನ ಎಣ್ಣೆ ಗಿರಣಿ. ದೊಡ್ಡ ಕಣದ ತುಂಬ ಒಡೆದ ಕೊಬ್ಬರಿ ಒಣಗಲು ಹರಡಿತ್ತು. ಅಣ್ಣ ತಗಡಿನ ಚಪ್ಪರದ ಕೆಳಗೆ ಕೂತು ಕೆಲಸದ ಹೆಂಗಸರಿಗೆ ಏನೋ ಹೇಳುತ್ತಿದ್ದರು. ತೆಳ್ಳಗಾಗಿದ್ದರು, ಹುಬ್ಬಿನ ಕೂದಲು ಮತ್ತೆ ಬಂದಿತ್ತು. ಅವರ ಹೆಂಡತಿ ನನ್ನನ್ನು ನೋಡಿ ಒಳಗೆ ಹೋಗಿ, ಒಂದು ಚೊಂಬು ನೀರು ತಂದಿಟ್ಟು, ಮತ್ತೆ ಒಳಗೆ ಹೋದರು.

ಕೊಬ್ಬರಿಯ ಬಗ್ಗೆ ಮಾತಾಡಿದೆವು. ಮೋಡವಾದರೆ ಎಷ್ಟು ಬೇಗ ಎತ್ತಬೇಕು, ಬೂಷ್ಟು ಹೇಗೆ ಹಿಡಿಯುತ್ತದೆ ಎಂದೆಲ್ಲ ಹೇಳಿದರು. ಮಧ್ಯಾಹ್ನದ ಬಿಸಿಲು ಏರಿದಾಗ ಇಲ್ಲದ ಬೆರಳುಗಳು ಉರಿಯುತ್ತವೆ ಎಂದರು. ಮಿಲ್ಲಿನ ಹೆಸರು ಇಬ್ಬರೂ ಎತ್ತಲಿಲ್ಲ. ನಾನು ಎದ್ದಾಗ ಕಣದ ಕಡೆ ನೋಡುತ್ತ ಹೇಳಿದರು:

"ನಿಮ್ ಮೇಲೆ ಬೇಜಾರಿಲ್ಲ ಅಂದ್ರೆ ಸುಳ್ಳಾಗ್ತದೆ ಅಮ್ಮಣಿ. ಇದೆ. ಆದ್ರೂ ಬಂದ್ರಲ್ಲ, ಸರಿ."

ನಾನು ತಲೆಯಾಡಿಸಿದೆ. ಕೊಬ್ಬರಿ ತುಳಿಯದ ಹಾಗೆ ಅಂಚಿನಲ್ಲಿ ನಡೆದು ರಸ್ತೆಗೆ ಬಂದೆ. ತಿರುಪ್ಪೂರಿನ ಬಸ್ಸು ಬರಲು ಮುಕ್ಕಾಲು ಗಂಟೆಯಾಯಿತು.